ಮೂರು ಕೊಟೇಶನ್, ಒಂದೇ ಕೈಬರಹ

ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಆದೋನಿಗೆ ಬರುವ ಮೊದಲು ಬೇರೊಂದು ಊರಿನಲ್ಲಿ ಭಾವನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಅಲ್ಲಿನ ಸರ್ಕಾರಿ ಕಚೇರಿಯೊಂದರಿಂದ ಒಬ್ಬರು ಬಂದು ಬಲ್ಬು, ಹೋಲ್ಡರ್, ವಯರಿನ ಪಟ್ಟಿ ಕೊಟ್ಟರು. "ಮೂರು ಕೊಟೇಶನ್ ಬೇಕು. ನೀವೇ ಮೂರೂ ಕೊಟ್ಟುಬಿಡಿ. ಎರಡರಲ್ಲಿ ರೇಟು ಸ್ವಲ್ಪ ಜಾಸ್ತಿ ಇರಲಿ" ಎಂದರು. ಪರಿಚಯದ ಎರಡು ಅಂಗಡಿಗಳ ಲೆಟರ್‌ಹೆಡ್ ತರಿಸಿ ಮೂರನ್ನೂ ನಾನೇ ಬರೆದೆ. ಬಿಲ್ಲು ಪಾಸಾಯಿತು. ಮೂರೂ ಕಾಗದದಲ್ಲಿ ಒಂದೇ ಕೈಬರಹ ಇದೆಯಲ್ಲ ಎಂದು ಯಾರೂ ಕೇಳಲಿಲ್ಲ.

ದೊಡ್ಡ ಲೂಟಿಯೇನೂ ಅಲ್ಲ ಅದು. ದಿನದ ಗಿರಾಕಿಗೆ ಕೊಡುವ ರೇಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಆ 'ಸ್ವಲ್ಪ' ಯಾರ ದುಡ್ಡು ಎಂದು ಅಂದು ನಾನು ಯೋಚಿಸಲಿಲ್ಲ. ಅದು ಆ ಊರಿನ ಮನೆಕಂದಾಯದ, ನೀರಿನ ಬಿಲ್ಲಿನ ದುಡ್ಡು.

ನಮ್ಮ ಬ್ಯಾರಿ ಮನೆಗಳಲ್ಲಿ ಈ ಪಾಠವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತಂದೆ ಗಲ್ಫಿನಲ್ಲಿದ್ದಾಗ ಮನೆ ನಡೆಸುತ್ತಿದ್ದವರು ಉಮ್ಮ. ಮೀನು, ಅಕ್ಕಿ, ಮಕ್ಕಳ ಫೀಸು ಅವರದೇ ತೀರ್ಮಾನ. ಮನೆಯ ಮಾಡು ರಿಪೇರಿ ಎಂದರೆ ಮಾಮನನ್ನು ಕೇಳಬೇಕು. ಜಾಗದ ಮಾತು ಬಂದರೆ ತಂದೆಗೆ ಪತ್ರ ಹೋಗಬೇಕು. ಮೂರಕ್ಕೂ ಒಂದೇ ನೋಟ್‌ಬುಕ್. ತಂದೆ ರಜೆಗೆ ಬಂದಾಗ ಉಮ್ಮ ಅದನ್ನು ಎಲ್ಲರೆದುರು ಓದುತ್ತಿದ್ದರು. ತಂದೆಗೆ ಉಮ್ಮನ ಮೇಲೆ ಸಂಶಯ ಇತ್ತೆಂದಲ್ಲ. ಕೇಳುವವರು ಇದ್ದಾರೆ ಎಂಬುದರಿಂದಲೇ ಆ ಲೆಕ್ಕ ನೆಟ್ಟಗಿರುತ್ತಿತ್ತು.

ಪುರಸಭೆಯ ಖರೀದಿಗೂ ಇಂಥದೇ ಮೆಟ್ಟಿಲುಗಳಿವೆ. ಒಂದು ಮಿತಿಯವರೆಗೆ ಆಯುಕ್ತರು, ಅದರ ಮೇಲೆ ಚುನಾಯಿತ ಕೌನ್ಸಿಲ್, ಅದರಾಚೆ ರಾಜ್ಯ ಸರ್ಕಾರ. ಕಾಮಗಾರಿಯಾದರೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಅಳತೆ ಪುಸ್ತಕ, ಕೊನೆಗೆ ಬಿಲ್ಲು. ಮೊತ್ತಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕ್ರಮ ಹೆಚ್ಚುಕಮ್ಮಿ ಇದೇ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನೇ ನೋಡಿ. ಅವು ಜಾರಿಗೆ ಬಂದಾಗ 25,000 ರೂಪಾಯಿವರೆಗಿನ ಖರೀದಿಗೆ ಕೊಟೇಶನ್ ಬೇಡ ಎಂದಿತ್ತು. ಅದರ ಮೇಲೆ 2.5 ಲಕ್ಷದವರೆಗೆ ಮೂವರ ಖರೀದಿ ಸಮಿತಿ. ಆ ಸಮಿತಿ ಸ್ವತಃ ಮಾರುಕಟ್ಟೆಗೆ ಹೋಗಿ ದರ, ಗುಣಮಟ್ಟ ನೋಡಬೇಕು. ಇದರ ಉದ್ದೇಶ ಕಡತಕ್ಕೆ ಮೂರು ಕಾಗದ ಸೇರಿಸುವುದಲ್ಲ, ಮೂವರು ಕಣ್ಣಾರೆ ನೋಡುವುದು.

ಬೀಗ ಇದ್ದಲ್ಲಿ ಕಳ್ಳಕೀಲಿಯೂ ಹುಟ್ಟುತ್ತದೆ. ಟೆಂಡರ್ ಬೇಕಾಗುವ ಒಂದು ಕೆಲಸವನ್ನು ಮಿತಿಯೊಳಗಿನ ನಾಲ್ಕಾಗಿ ತುಂಡರಿಸಿದರೆ ಟೆಂಡರ್ ಬೇಡ. ಕನ್ನಡದಲ್ಲಿ 'ತುಂಡು ಗುತ್ತಿಗೆ' ಎಂಬ ಮಾತಿಗೆ ಸುಮ್ಮನೆ ಕೆಟ್ಟ ಹೆಸರು ಬಂದಿಲ್ಲ. ಇದನ್ನು ಹಿಡಿಯುವವರು ಯಾರು? ಲೆಕ್ಕಪರಿಶೋಧಕರು ಬರುವುದು ದುಡ್ಡು ಹೋದ ಮೇಲೆ. ದುಡ್ಡು ಹೋಗುವ ಮೊದಲೇ "ಈ ಚರಂಡಿ ನಾಲ್ಕು ತುಂಡು ಯಾಕಾಯಿತು?" ಎಂದು ಸಭೆಯಲ್ಲಿ ಎದ್ದು ಕೇಳಬಲ್ಲವರು ವಾರ್ಡಿನ ಸದಸ್ಯರು ಮಾತ್ರ.

ಆ ಸದಸ್ಯರೇ ಇಲ್ಲದಿದ್ದರೆ?

ಆದೋನಿಯಲ್ಲಿ ನಾನು ಕಂಡದ್ದು ಅದನ್ನೇ. ಮದ್ರಾಸ್ ಪ್ರಾಂತದ ಕಾಲದ ಹಳೆಯ ಪುರಸಭೆ ಇದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಊರು. ಆಲೂರು, ಕೌತಾಳಂ ಕಡೆಯಿಂದ ಬರುವ ಗಿರಾಕಿಗಳಲ್ಲಿ ಅನೇಕರು ಇಂದಿಗೂ ನನ್ನೊಡನೆ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಆಂಧ್ರದ ಬಹುತೇಕ ಊರುಗಳಂತೆ ಇಲ್ಲೂ ಕೌನ್ಸಿಲ್‌ನ ಅವಧಿ 2010ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮುಂದಿನ ಕೌನ್ಸಿಲ್ ಬಂದದ್ದು 2014ರ ಜುಲೈಯಲ್ಲಿ. ಅದರ ಅವಧಿ 2019ರ ಜುಲೈಗೆ ಮುಗಿಯಿತು. 2020ರ ಮಾರ್ಚ್‌ನಲ್ಲಿ ಆಗಬೇಕಿದ್ದ ಚುನಾವಣೆ ಕೊರೊನಾದಿಂದ ನಿಂತು, ಮತದಾನ ಆದದ್ದು 2021ರ ಮಾರ್ಚ್ 10ರಂದು. ಕೂಡಿಸಿ ನೋಡಿ: ಹತ್ತೂವರೆ ವರ್ಷದಲ್ಲಿ ಐದು ವರ್ಷಕ್ಕೂ ಹೆಚ್ಚು ಕಾಲ ಕೌನ್ಸಿಲ್ ಇರಲಿಲ್ಲ, ವಿಶೇಷಾಧಿಕಾರಿಗಳ ಆಡಳಿತ ಇತ್ತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ.

ಆ ಅಧಿಕಾರಿಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬೇಸಿಗೆಯಲ್ಲಿ ತುಂಗಭದ್ರಾ ಕೆಳಮಟ್ಟದ ಕಾಲುವೆ ನಿಂತಾಗ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನರ ಊರಿಗೆ ನೀರು ಕೊಡುವುದು ಸಣ್ಣ ಕೆಲಸವಲ್ಲ. ಪಂಪು ಸುಟ್ಟರೆ ಅಂದೇ ಹೊಸದು ಬೇಕು, ಸಭೆ ಕರೆಯುವವರೆಗೆ ಕಾಯಲಾಗದು. ನನ್ನ ತಕರಾರು ಇಷ್ಟೇ: ಕೌನ್ಸಿಲ್ ಇಲ್ಲದಾಗ ಅದರ ಅಧಿಕಾರವೂ ವಿಶೇಷಾಧಿಕಾರಿಯ ಕೈಗೆ ಹೋಗುತ್ತದೆ. ಬೇಕು ಎನ್ನುವವರು, ಸರಿ ಎನ್ನುವವರು, ಹಣ ಕೊಡುವವರು ಎಲ್ಲರೂ ಒಂದೇ ಸಾಲಿನ ನೌಕರರು. ಮೂರು ಕೊಟೇಶನ್ ಒಂದೇ ಕೈಬರಹದಲ್ಲಿ ಬರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇದು ಆಂಧ್ರದ ಕಥೆ, ನಮಗೇನು ಎನ್ನಬೇಡಿ. ಮಂಗಳೂರು ಮಹಾನಗರಪಾಲಿಕೆಯ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದು ಆಡಳಿತಾಧಿಕಾರಿಯ ಆಡಳಿತ ಬಂತು. 2019ರಲ್ಲೂ ಮಾರ್ಚ್‌ನಲ್ಲಿ ಅವಧಿ ಮುಗಿದು ಚುನಾವಣೆ ನವೆಂಬರಿಗೆ ಹೋಗಿತ್ತು. ಬಂದರಿನಲ್ಲಿ, ಕುದ್ರೋಳಿಯಲ್ಲಿ ಚರಂಡಿ ತುಂಬಿದರೆ ಯಾರಿಗೆ ಫೋನು ಮಾಡುವುದು ಎಂದು ಜನ ಪೇಚಾಡುತ್ತಾರೆ. ಆ ಚರಂಡಿಯ ಬಿಲ್ಲಿಗೆ ಯಾರು ಸಹಿ ಹಾಕಿದರು ಎಂದು ಮಾತ್ರ ಕೇಳುವುದಿಲ್ಲ.

"ಕಾರ್ಪೊರೇಟರ್‌ಗಳೇನು ಸಾಚಾನಾ? ಅವರಿಲ್ಲದಿದ್ದರೆ ಕಮಿಷನ್ ಆದರೂ ಉಳಿಯುತ್ತದೆ" ಎಂದು ನನ್ನ ಭಾವನೇ ಹೇಳುತ್ತಾರೆ. ಅದರಲ್ಲಿ ಸತ್ಯ ಇಲ್ಲ ಎನ್ನಲಾರೆ. ಆದರೆ ಸದಸ್ಯ ತಿಂದರೆ ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರಲೇಬೇಕು, ಎದುರು ಪಕ್ಷದವನು ಸಭೆಯಲ್ಲಿ ಅವನ ಹೆಸರು ಎತ್ತುತ್ತಾನೆ. ವರ್ಗವಾಗಿ ಹೋದ ಅಧಿಕಾರಿಯನ್ನು ಎಲ್ಲಿ ಹುಡುಕುವುದು?

ಆದೋನಿಯ ಹತ್ತಿ ಮಾರುಕಟ್ಟೆಗೆ ಬಂದ ರೈತನಿಗೆ ತನ್ನ ಲಾಟಿಗೆ ಎಷ್ಟು ದರ ಬಂತು ಎಂದು ಅದೇ ದಿನ ಗೊತ್ತಾಗುತ್ತದೆ. ಅಷ್ಟನ್ನೇ ಪುರಸಭೆಯಿಂದಲೂ ಕೇಳೋಣ. ಕೌನ್ಸಿಲ್ ಇಲ್ಲದ ಕಾಲದಲ್ಲಾದರೂ ಮಿತಿಯೊಳಗಿನ ಪ್ರತಿಯೊಂದು ಖರೀದಿಯನ್ನು ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಲಿ: ಏನು, ಎಷ್ಟು, ಯಾರಿಂದ, ಯಾರ ಸಹಿ. ಹೊಸ ಕಾನೂನು ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಬಜೆಟ್ಟು, ಉದ್ದೇಶಿತ ಖರ್ಚು, ಕೊಟ್ಟ ಹಣದ ವರದಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಪ್ರಕಟಿಸದಿದ್ದರೆ ಕರ್ನಾಟಕದಲ್ಲಿ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. ನಮ್ಮ ಜಮಾಅತಿನಲ್ಲಿ ವರ್ಷದ ಲೆಕ್ಕ ಓದುವಾಗ ಐನೂರು ರೂಪಾಯಿಯ ಸುಣ್ಣಕ್ಕೂ ಎದ್ದು ನಿಂತು ಪ್ರಶ್ನೆ ಕೇಳುವವರು ನಾವು. ವಾರ್ಡಿನ ಲಕ್ಷಾಂತರ ರೂಪಾಯಿಗೆ ಯಾಕೆ ನಾಲಿಗೆ ಏಳುವುದಿಲ್ಲ?

ಇನ್ನೊಂದು ಮಾತು. 2025ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಮಂಡಲ ಸರ್ಕಾರಿ ಗುತ್ತಿಗೆಯಲ್ಲಿ ಪ್ರವರ್ಗ 2ಬಿಗೆ ಶೇಕಡಾ 4 ಮೀಸಲು ಕೊಡುವ ಮಸೂದೆ ಅಂಗೀಕರಿಸಿತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದರು. ಆ ಪಾಲು ನಮಗೆ ಸಿಗಲಿ ಎಂದು ನಾನೂ ಬಯಸುತ್ತೇನೆ. ಆದರೆ ಪಾಲು ಕೇಳುವ ನಾವು ಬೀಗವನ್ನೂ ಕೇಳಬೇಕು. ಹಳೆಯ ಗುತ್ತಿಗೆದಾರರ ಬದಲು ನಮ್ಮ ಹುಡುಗರು ಮೂರು ಕೊಟೇಶನ್ ಬರೆದುಕೊಡುವುದಾದರೆ ಸಮುದಾಯ ಗಳಿಸಿದ್ದೇನು?

ಈಗ ನನ್ನ ಅಂಗಡಿಗೆ ಯಾರು ಬಂದರೂ ಒಂದೇ ಕೊಟೇಶನ್ ಕೊಡುತ್ತೇನೆ. ಉಳಿದ ಎರಡಕ್ಕೆ ಬೇರೆ ಅಂಗಡಿಗೆ ಹೋಗಿ ಎನ್ನುತ್ತೇನೆ. ಒಂದೆರಡು ಆರ್ಡರ್ ಕೈಬಿಟ್ಟಿದೆ. ಕೈಬಿಡಲಿ.