ಸೊಂಟ ಮುರಿದರೆ ಐದು ಲಕ್ಷ, ಬಚ್ಚಲ ಹಿಡಿಕೆಗೆ ಸೊನ್ನೆ!

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಂಟಿಮನೆಗಳಲ್ಲಿ ಈಗ ಉಳಿದಿರುವವರು ಯಾರು? ಮಕ್ಕಳು ಬೆಂಗಳೂರು ಸೇರಿ ಎಷ್ಟೋ ಕಾಲವಾಯಿತು. ಎಪ್ಪತ್ತು ದಾಟಿದ ಅಪ್ಪ-ಅಮ್ಮ, ಒಂದು ನಾಯಿ, ಕೊಟ್ಟಿಗೆಯಲ್ಲಿ ಒಂದೋ ಎರಡೋ ದನ, ಅಷ್ಟೇ. 2011ರ ಜನಗಣತಿಯ ಹೊತ್ತಿಗೇ ರಾಜ್ಯದ ಜನರಲ್ಲಿ ಶೇ. 9.5ರಷ್ಟು ಮಂದಿ ಅರವತ್ತು ದಾಟಿದ್ದರು. ಮಲೆನಾಡಿನ ಮೂಲೆಯ ಮನೆಗಳಲ್ಲಿ ಈ ಲೆಕ್ಕ ಎಲ್ಲಿಗೆ ಹೋಗಿ ನಿಂತೀತು ಅನ್ನೋದನ್ನು ಓದುಗರೇ ಊಹಿಸಿಕೊಳ್ಳಲಿ. ಈ ವೃದ್ಧರಿಗೆ ದಿನಬೆಳಗಾದರೆ ಎದುರಾಗುವ ಗಂಡಾಂತರ ಆನೆಯದ್ದಲ್ಲ, ಕಾಡುಕೋಣದ್ದೂ ಅಲ್ಲ. ಬಚ್ಚಲುಮನೆಯದ್ದು!

ಹಳೇ ಮನೆಯ ಬಚ್ಚಲು ಅಂದರೆ ಗೊತ್ತಲ್ಲ. ಮನೆಯ ಹಿಂದುಗಡೆ, ಮೆಟ್ಟಿಲಿಳಿದು ಹೋಗಬೇಕು. ಮಳೆಗಾಲದ ನಾಲ್ಕು ತಿಂಗಳು ಅಂಗಳವೆಲ್ಲ ಹಾವಸೆ. ಅದರ ಮೇಲೆ ಅಡಕೆ ದಬ್ಬೆ ಹಾಸಿದ ದಾರಿ. ಒಳಗೆ ಕಾಲಾಂತರದಿಂದ ಸವೆದು ನುಣುಪಾದ ಕಲ್ಲುಚಪ್ಪಡಿ. ಮಂದ ಬೆಳಕು, ಒಲೆಯ ಹೊಗೆ. ಹಂಡೆಯಿಂದ ಕುದಿನೀರು ತೋಡಿ ಬಕೆಟ್ಟಿಗೆ ಸುರಿದುಕೊಂಡು, ನಾಲ್ಕು ಇಂಚಿನ ಮಣೆಯ ಮೇಲೆ ಕುಕ್ಕರಿಸಿ ಮೀಯಬೇಕು. ಎಣ್ಣೆಸ್ನಾನದ ದಿನ ಎಣ್ಣೆಯ ಜೊತೆಗೆ ದಾಸವಾಳದ ಗೊಂಪೂ ಸೇರಿ ನೆಲವೇ ಜಾರುಬಂಡೆ. ಮಂಡಿನೋವಿನವರು ಮಣೆ ಮೇಲೆ ಕೂತೇನೋ ಕೂತರು, ಏಳೋದು ಹೇಗೆ? ಕೈಗೆ ಸಿಕ್ಕಿದ್ದೆಂದರೆ ಹಂಡೆಯ ಬಿಸಿ ಕಂಠ!

ಇದಕ್ಕೆ ಬೆಂಗಳೂರಿನ ಮಗ ಕಂಡುಕೊಂಡ ಪರಿಹಾರ ಬೇರೆ. ದೀಪಾವಳಿಗೆ ಬಂದವನು ಹಂಡೆ ಕೀಳಿಸಿ, ಗೀಸರ್ ಹಾಕಿಸಿ, ಷವರ್ ಕೂರಿಸಿ, ಹೊಳೆಯುವ ಟೈಲ್ಸ್ ಹೊದಿಸಿ ಹೋಗುತ್ತಾನೆ. ಒಂದೂವರೆ ಲಕ್ಷವೋ ಎರಡು ಲಕ್ಷವೋ ಖರ್ಚು. ಮಗನ ಪ್ರೀತಿಗೆ ಕೊಂಕು ಹೇಳುವಂತಿಲ್ಲ. ಆದರೆ ಸೋಪುನೀರು ಬಿದ್ದ ನುಣುಪು ಟೈಲ್ಸು ಆ ಹಳೇ ಕಲ್ಲಿಗಿಂತ ಹೆಚ್ಚು ಜಾರುತ್ತದೆ. ಷವರಿನ ಕೆಳಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ನಿಂತೇ ಮೀಯಬೇಕು. ಕರೆಂಟು ಹೋದ ದಿನ ಗೀಸರೂ ಇಲ್ಲ, ಹಂಡೆಯೂ ಇಲ್ಲ. ಇನ್ನು ಮಗ ಕೊಡದ ಮನೆಗಳಲ್ಲಿ ಎರಡು ಲಕ್ಷ ಎಲ್ಲಿಂದ ಬರಬೇಕು? ಹಳದಿ ಎಲೆ ರೋಗ ದಶಕಗಳಿಂದ ಇದೇ ಮೂರು ತಾಲ್ಲೂಕಿನ ತೋಟಗಳನ್ನು ತಿಂದುಹಾಕಿದೆ. ಅದರ ಮೇಲೆ ಈಗ ಎಲೆಚುಕ್ಕಿ ಬೇರೆ.

ವಾಸ್ತವವಾಗಿ ಬೇಕಾದದ್ದು ಕೆಲವೇ ಸಾವಿರದ ಕೆಲಸ. ಮೊದಲು ಕೂರಲು ಹದಿನೆಂಟು ಇಂಚು ಎತ್ತರದ ಗಟ್ಟಿ ಪೀಠ. ಬಕೆಟ್ಟಿಗೂ ಅಷ್ಟೇ ಎತ್ತರದ ಒಂದು ಕಟ್ಟೆ, ಬಗ್ಗುವ ಕೆಲಸವೇ ತಪ್ಪಿತು. ಹಂಡೆಯ ಬುಡಕ್ಕೆ ಒಂದು ನಲ್ಲಿ. ಚಪ್ಪಡಿಗೆ ಉಳಿ ಹೊಡೆಸಿ ತರಕಲು ಮಾಡಿಸುವುದು. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ತೆಗೆಯುವುದು ಹೇಗೆ?

ಹಿಡಿಕೆಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಪೇಟೆಯಲ್ಲಿ ಐನೂರು-ಸಾವಿರಕ್ಕೆ ಸಿಗುವ ಸ್ಟೀಲ್ ಹಿಡಿಕೆ ಸಿಮೆಂಟು ಗೋಡೆಗೆ ಸರಿ. ಮಣ್ಣಿನ ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದರೆ ಅಜ್ಜಿಯ ಭಾರಕ್ಕೆ ಗಾರೆ ಸಮೇತ ಕಿತ್ತು ಬರುತ್ತದೆ. ಇಲ್ಲದ ಹಿಡಿಕೆಗಿಂತ ಕಿತ್ತುಬರುವ ಹಿಡಿಕೆ ಹೆಚ್ಚು ಅಪಾಯ. ಅಂಥ ಕಡೆ ಒಂದೂಕಾಲು ಇಂಚಿನ ಜಿ.ಐ. ಪೈಪನ್ನು ನೆಲಕ್ಕೆ ಹುಗಿದು, ಬುಡಕ್ಕೆ ಕಾಂಕ್ರೀಟು ತುಂಬಿ, ಪೀಠದ ಪಕ್ಕದಲ್ಲೇ ನಿಲ್ಲಿಸಬೇಕು. ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯವನಿಗೆ ಇದು ಅರ್ಧ ದಿನದ ಕೆಲಸ. ಗಾರೆಯವನ ಕೂಲಿಯೂ ಸೇರಿ ಒಟ್ಟು ಅಂದಾಜು ಆರರಿಂದ ಎಂಟು ಸಾವಿರ ಆದೀತು. ಗಾಲಿಕುರ್ಚಿಯವರಿದ್ದರೆ ಖರ್ಚು ಏರುತ್ತದೆ, ನಿಜ. ಬಾಗಿಲು ಮೂರು ಅಡಿ ಅಗಲವಾಗಬೇಕು. ಒಂದಡಿ ಏರಿಕೆಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಅಂದರೆ ಆರಿಂಚಿನ ಒಂದೇ ಮೆಟ್ಟಿಲಿಗೂ ಆರು ಅಡಿ.

ಎಂಟು ಸಾವಿರ ಏನು ಮಹಾ ಅನ್ನುವವರು ಸಂಧ್ಯಾ ಸುರಕ್ಷಾ ನಂಬಿದವರ ಪಾಸ್‌ಬುಕ್ ನೋಡಬೇಕು. ತಿಂಗಳಿಗೆ 1,200 ರೂಪಾಯಿ. ಆರು ತಿಂಗಳು ಅನ್ನ, ಮಾತ್ರೆ ಬಿಟ್ಟರೂ ಕೈಗೆ ಬರೋದು 7,200!

ಸರ್ಕಾರದ ಲೆಕ್ಕಾಚಾರ ಇನ್ನೂ ವಿಚಿತ್ರ. ಬಿದ್ದು ಸೊಂಟ ಮುರಿದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಒಳ್ಳೆಯದೇ. ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊತ್ತೊಯ್ಯುವ ವಾಹನದ ಬಾಡಿಗೆ, ಜೊತೆಗಿರುವವರ ಊಟ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ, ಇವುಗಳಿಗೆ ಯಾವ ಕಾರ್ಡು? 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ವೃದ್ಧರಿಗೆ ಊರುಗೋಲು, ವಾಕರ್, ಕನ್ನಡಕ, ಹಲ್ಲುಸೆಟ್ಟು ಕೊಡುತ್ತದೆ. ಬಚ್ಚಲಿಗೆ ಕಂಬ ಹುಗಿದು ಕೊಡುವುದು ಅದರ ಕೆಲಸವಲ್ಲ.

ಹಾಗಂತ ದಾರಿಯೇ ಇಲ್ಲವೆ? ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ಅಂಗವಿಕಲರಿಗೆಂದು ತೆಗೆದಿಡಬೇಕು ಎಂಬ ನಿಯಮವಿದೆ. ಅದರಲ್ಲಿ ಬಚ್ಚಲ ಕೆಲಸವನ್ನೇಕೆ ಸೇರಿಸಬಾರದು? ಎದ್ದು ನಡೆಯಲಾರದ ಎಷ್ಟೋ ವೃದ್ಧರ ಬಳಿ ಶೇ. 40 ನ್ಯೂನತೆಯ ಪ್ರಮಾಣಪತ್ರವೇ ಇಲ್ಲ. ‘ವಯಸ್ಸಾಯ್ತಲ್ಲ, ಕಾಲು ಹೋಯ್ತು’ ಎಂದು ಸುಮ್ಮನೆ ಕೂತವರು ಅವರು. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಮನೆಮನೆಗೆ ಹೋಗಿ ಅರ್ಜಿ ಬರೆಸಲಿ, ಹಾಗೆಯೇ ಬಚ್ಚಲನ್ನೂ ಒಮ್ಮೆ ಇಣುಕಿ ನೋಡಿ ಪಟ್ಟಿ ಮಾಡಲಿ. ಊರಿನ ವೆಲ್ಡಿಂಗ್ ಅಂಗಡಿಯವನಿಗೆ ಇಪ್ಪತ್ತು ಕಂಬ ಒಟ್ಟಿಗೆ ಹೇಳಿದರೆ ದರವೂ ಇಳಿದೀತು. ಕಾಂಕ್ರೀಟು ಒಣಗಬೇಕಾದ್ದರಿಂದ ಇದೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಜೂನ್ ಹಿಡಿದರೆ ಅಂಗಳದಲ್ಲಿ ಮತ್ತೆ ಹಾವಸೆ ಕಟ್ಟುತ್ತದೆ. ಮೂರು ತಾಲ್ಲೂಕಿನ ಅಧ್ಯಕ್ಷರ ಪೈಕಿ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತುವವರು ಯಾರು?