ನಿಲ್ಲಿಸಿ ಕೇಳುವ ಹಕ್ಕು

2020ರ ಮಾರ್ಚಿಯಲ್ಲಿ ಕೊರೋನಾದ ಕಾರಣ ಶಾಲೆಗಳ ಬಾಗಿಲು ಮುಚ್ಚಿದವು. ಪಾಠಗಳು ಮೊಬೈಲನ್ನೂ ಟಿ.ವಿ.ಯನ್ನೂ ಹತ್ತಿ ಕುಳಿತವು. ಶಾಲೆಗಳು ಮತ್ತೆ ತೆರೆದು ವರ್ಷಗಳೇ ಆದರೂ ತೆರೆಯ ಮೇಲಿನ ಪಾಠ ಇಳಿದು ಹೋಗಿಲ್ಲ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡು, ಗೋಡೆಯ ಮೇಲೆ ಸ್ಮಾರ್ಟ್ ಬೋರ್ಡು, ಕೈಯಲ್ಲಿ ದೀಕ್ಷಾ ಆ್ಯಪು. ಇವುಗಳ ಬಗ್ಗೆ ಮಂತ್ರಿಗಳು ಮಾತನಾಡಿದ್ದಾರೆ, ಕಂಪೆನಿಗಳು ಮಾತನಾಡಿವೆ. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಇದು ಹೇಗೆ ಅನುಭವಕ್ಕೆ ಬಂತು ಎಂದು ಕೇಳಿದವರು ಮಾತ್ರ ವಿರಳ.

ಚಿತ್ರ, ಧ್ವನಿ, ಚಲನೆ ಕೂಡಿದ ಪಾಠಕ್ಕೆ ನಾವು ವಿರೋಧಿಗಳಲ್ಲ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಸೀಮೆಸುಣ್ಣದಿಂದ ಎಷ್ಟು ಬರೆದರೂ ಅದು ನಿಂತೇ ಇರುತ್ತದೆ. ಚಲಿಸುವ ಚಿತ್ರದಲ್ಲಿ ಅರ್ಧ ನಿಮಿಷಕ್ಕೆ ತಿಳಿಯುತ್ತದೆ. ಪ್ರಯೋಗಶಾಲೆಯೇ ಇಲ್ಲದ ಪ್ರೌಢಶಾಲೆಯ ಹುಡುಗನಿಗೆ ಮಸೂರದ ಮೂಲಕ ಬೆಳಕು ಬಾಗುವುದನ್ನು ಕಾಣಿಸಿದರೆ ಅದು ಸಣ್ಣ ಉಪಕಾರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ರಿಚರ್ಡ್ ಮೇಯರ್ ದಶಕಗಳ ಕಾಲ ಇಂಥ ಪಾಠಗಳನ್ನೇ ಪರೀಕ್ಷಿಸಿದವರು. ಬರಿಯ ಮಾತಿಗಿಂತ ಮಾತು ಚಿತ್ರ ಕೂಡಿದರೆ ಕಲಿಕೆ ಹೆಚ್ಚು ಎಂದು ಅವರು ಕಂಡುಕೊಂಡರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಹಿನ್ನೆಲೆ ಸಂಗೀತ, ಅಲಂಕಾರ, ವಿಷಯಕ್ಕೆ ಸಲ್ಲದ ಸ್ವಾರಸ್ಯ ಸೇರಿದಷ್ಟೂ ಕಲಿಕೆ ಕುಗ್ಗುತ್ತದೆ. ಹೇಳುವುದನ್ನೇ ಅಕ್ಷರದಲ್ಲೂ ತೆರೆಯ ತುಂಬ ತೋರಿಸಿದರೆ ಗಮನ ಒಡೆಯುತ್ತದೆ. ಪಾಠವನ್ನು ತುಂಡು ತುಂಡಾಗಿ ಮಾಡಿ, ಮುಂದಕ್ಕೆ ಹೋಗುವ ಗುಂಡಿಯನ್ನು ಕಲಿಯುವವನ ಕೈಗೆ ಕೊಟ್ಟರೆ ಚೆನ್ನಾಗಿ ತಲೆಗೆ ಹತ್ತುತ್ತದೆ.

ಈ ಕಡೆಯ ಮಾತನ್ನು ನಮ್ಮ ಕಾರ್ಮಿಕ ಬಂಧುಗಳು ಗಮನಿಸಬೇಕು. ಆ ಗುಂಡಿ ಯಾರ ಕೈಗೆ ಸಿಕ್ಕಿತು?

ಹಣವಂತರ ಮಗನಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಲ್ಯಾಪ್‌ಟಾಪು. ತಿಳಿಯದೆಡೆ ನಿಲ್ಲಿಸಿದ, ಹಿಂದಕ್ಕೆ ತಿರುಗಿಸಿದ, ಮನೆಪಾಠದ ಮೇಷ್ಟರನ್ನು ಕೇಳಿದ. ನಮ್ಮ ಮಕ್ಕಳ ಪಾಲಿಗೆ ಬಂದದ್ದು 2020ರ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ ಸಂವೇದ ಪಾಠಗಳು. ಪಾಠ ಮಾಡಿದ ಶಿಕ್ಷಕರು ಶ್ರಮಪಟ್ಟೇ ಮಾಡಿದರು. ಅವರ ಮೇಲೆ ನಮ್ಮ ದೂರಿಲ್ಲ. ಆದರೆ ದೂರದರ್ಶನ ಯಾರಿಗೂ ಕಾಯುವುದಿಲ್ಲ. ತ್ರಿಕೋನಮಿತಿಯ ಎರಡನೆಯ ಹೆಜ್ಜೆಯಲ್ಲಿ ಎಡವಿದವಳು ಉಳಿದ ಹೊತ್ತನ್ನೆಲ್ಲ ಸುಮ್ಮನೆ ನೋಡುತ್ತ ಕೂರಬೇಕು. ಮಧ್ಯೆ ಕರೆಂಟು ಹೋದರೆ ಆ ದಿನದ ಪಾಠ ಮುಗಿಯಿತು. ಪಾಠಗಳನ್ನು ಯೂಟ್ಯೂಬಿಗೂ ಹಾಕಿದ್ದೇವಲ್ಲ ಎಂದು ಇಲಾಖೆಯವರು ಉತ್ತರಿಸಬಹುದು. ಹೌದು, ಹಾಕಿದರು. ನೋಡಲು ಏನಿತ್ತು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ. 4.4, ಇಂಟರ್‌ನೆಟ್ ಸೌಲಭ್ಯವಿದ್ದವು ಶೇ. 14.9. ನಗರಗಳಲ್ಲಿ ಅವೇ ಶೇ. 23.4 ಮತ್ತು 42. ಎರಡು ವರ್ಷದಲ್ಲಿ ಈ ಅಂಕಿ ಏರಿರಬಹುದು. ಅಂತರ ಅಳಿಯುವಷ್ಟು ಅಲ್ಲ.

ಮನೆಗೊಂದು ಫೋನು ಇದ್ದರೂ ಅದು ತಂದೆಯ ಜೇಬಿನಲ್ಲಿ ಪಾಳಿಗೆ ಹೋಗುತ್ತದೆ. ಅಂಗಡಿಕಾರನ ಫೋನಿಗೆ ಗಿರಾಕಿಯ ಕರೆ ಬಂದರೆ ಪಾಠ ಅಲ್ಲಿಗೆ ಕಟ್ಟು. ರಾತ್ರಿ ಫೋನು ಮನೆಗೆ ಬಂದಾಗ ಅಣ್ಣನಿಗೆ ಮೊದಲು, ತಂಗಿಗೆ ಆಮೇಲೆ, ಅದೂ ಪಾತ್ರೆ ತೊಳೆದ ಮೇಲೆ. ಒಂದು ಗಂಟೆಯ ವಿಡಿಯೋ ಸಾಧಾರಣ ಸ್ಪಷ್ಟತೆಯಲ್ಲಿ ಓಡಿದರೂ ಸುಮಾರು ಅರ್ಧ ಜಿಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಇಬ್ಬರು ಮಕ್ಕಳ ಪಾಠ ಹೇಗೆ ಸಾಗುವುದೆಂದು ತಕ್ಕಡಿ ಹಿಡಿದವರಿಗೆ ನಾವು ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಬೇರೆ ದಾರಿ ಇರಲಿಲ್ಲವೆ? ನೆರೆಯ ಕೇರಳದಲ್ಲಿ 2020ರ ಜೂನ್ 1ರಿಂದ ವಿಕ್ಟರ್ಸ್ ವಾಹಿನಿಯಲ್ಲಿ ಪಾಠ ಆರಂಭಿಸಿದಾಗ ಟಿ.ವಿ. ಇಲ್ಲದ ಮಕ್ಕಳಿಗಾಗಿ ಗ್ರಂಥಾಲಯಗಳಲ್ಲಿ, ಓಣಿಯ ಕೇಂದ್ರಗಳಲ್ಲಿ ಒಟ್ಟಿಗೆ ನೋಡುವ ಏರ್ಪಾಡಾಯಿತು. ನಮ್ಮಲ್ಲಿಯೂ ಅದೇ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಶಿಕ್ಷಕರೇ ಗುಡಿಯ ಜಗಲಿಗೂ ಮರದ ನೆರಳಿಗೂ ಹೋಗಿ ಮಕ್ಕಳನ್ನು ಕೂಡಿಸಿದರು. ತೆರೆಯಲ್ಲಿ ಕಂಡು ಅರ್ಥವಾಗದ್ದನ್ನು ಬಾಯಿಬಿಟ್ಟು ಕೇಳುವ ಅವಕಾಶ ಬಡವರ ಮಕ್ಕಳಿಗೆ ದೊರೆತದ್ದು ಅಲ್ಲಿಯೇ. ಸೋಂಕು ಹಬ್ಬಿತೆಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಶಿಕ್ಷಕರ ಜೀವದ ಪ್ರಶ್ನೆಯಾದುದರಿಂದ ಅದನ್ನು ತಪ್ಪೆನ್ನಲಾರೆವು. ಮುಂದೆ 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿಯನ್ನು ಎರಡೇ ದಿನದಲ್ಲಿ, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆಯಾಗಿ ಮುಗಿಸಿ ಹೆಚ್ಚುಕಡಮೆ ಎಲ್ಲರನ್ನೂ ದಾಟಿಸಿಬಿಟ್ಟರು. ಏನು ಕಲಿತರು, ಏನು ಬಿಟ್ಟಿತು ಎಂಬುದನ್ನು ಅಳೆಯುವ ಗೋಜೇ ತಪ್ಪಿತು.

2024ರಲ್ಲಿ ತೆರೆ ಮತ್ತೊಂದು ವೇಷದಲ್ಲಿ ಬಂತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ನೇರವಾಗಿ ವೀಕ್ಷಿಸಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ನಕಲು ತಪ್ಪಬೇಕು, ಸರಿ. ಆದರೆ ಆ ವರ್ಷ ಬರೆದ ಹೆಚ್ಚಿನ ಮಕ್ಕಳು ಶಾಲೆ ಮುಚ್ಚಿದ್ದ 2020-21ರಲ್ಲಿ ಏಳನೆಯ ತರಗತಿಯಲ್ಲಿದ್ದವರೆಂಬುದು ಎಷ್ಟು ಜನ ಅಧಿಕಾರಿಗಳ ನೆನಪಿನಲ್ಲಿತ್ತು? ಕಲಿಸಬೇಕಾದಾಗ ಮನೆಗೆ ತಲುಪದ ಯಂತ್ರ, ಕಾವಲು ಕಾಯುವುದಕ್ಕೆ ಮಾತ್ರ ಪ್ರತಿ ಕೊಠಡಿಗೂ ತಲುಪಿತು.

ಖಾಸಗಿಯವರ ಕಥೆ ಚಿಕ್ಕದು. ಬೆಂಗಳೂರಿನ ಬೈಜೂಸ್ ಕಂಪೆನಿಯ ಬೆಲೆಯನ್ನು 2022ರಲ್ಲಿ 2,200 ಕೋಟಿ ಡಾಲರ್ ಎಂದು ಕಟ್ಟಿದ್ದರು. 2024ರ ಜುಲೈನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಪಾಠವನ್ನು ಸರಕಿನಂತೆ ಮಾರುವವರು ಅಂಗಡಿ ಮುಚ್ಚಿದರೆ ಮುಂಗಡ ಹಣ ತೆತ್ತ ತಾಯಿತಂದೆಯರು ಯಾರನ್ನು ಹಿಡಿದು ಕೇಳಬೇಕು?

ಈಗ ಸರಕಾರವನ್ನು ನಾವು ಕೇಳುವುದು ದುಬಾರಿಯದೇನಲ್ಲ. ಸಂವೇದದ ಪಾಠಗಳನ್ನು ಹತ್ತು ನಿಮಿಷದ ತುಂಡುಗಳಾಗಿ ಮಾಡಿ, ಸಂಗೀತ ತೆಗೆದು, ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ಪ್ರತಿ ಪ್ರೌಢಶಾಲೆಯಲ್ಲೂ ಇಡಲಿ. ಸಂಜೆ ಆರರಿಂದ ಎಂಟರವರೆಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ತೆರೆಯನ್ನೂ ಗೌರವಧನ ಕೊಟ್ಟು ಒಬ್ಬ ಶಿಕ್ಷಕರನ್ನೂ ಕೂರಿಸಲಿ. ಖಾಲಿ ಬಿದ್ದ ಗಣಿತ, ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ಅತಿಥಿ ಶಿಕ್ಷಕರ ಹೆಸರಿನಲ್ಲಿ ವರ್ಷವರ್ಷವೂ ತೇಪೆ ಹಾಕದೆ ಖಾಯಂ ಆಗಿ ತುಂಬಲಿ. ಶಿಕ್ಷಕನಿಲ್ಲದ ಕೊಠಡಿಯ ಸ್ಮಾರ್ಟ್ ಬೋರ್ಡು ಬೆಲೆಬಾಳುವ ಗೋಡೆಯಷ್ಟೇ.

ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಪಾಳಿ ಬದಲಿಸಿಕೊಂಡಾದರೂ, ಅಂಗಡಿಯನ್ನು ಒಂದು ಗಂಟೆ ಮುಚ್ಚಿಯಾದರೂ ಹೋಗಿ. ಶಾಲೆಯ ತೆರೆ ಕಳೆದ ತಿಂಗಳು ಎಷ್ಟು ದಿನ ಹೊತ್ತಿತು, ಅದರ ಬೀಗದ ಕೈ ಯಾರ ಬಳಿ ಇದೆ, ಪಾಠದ ನಡುವೆ ನಿಲ್ಲಿಸಿ ಪ್ರಶ್ನೆ ಕೇಳಲು ಮಕ್ಕಳಿಗೆ ಬಿಡುತ್ತಾರೆಯೇ ಎಂದು ವಿಚಾರಿಸಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.