ಒಂದು ಪೆಟ್ಟಿಗೆ ಚಿಂದಿ ಬಟ್ಟೆ

ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕರು ಕೇಳಿದಾಗ, ಹೊಲಿಗೆಯ ವಿಷಯವಾಗಿ ಬರೆಯುತ್ತೇನೆಂದೆ. ಪಕ್ಕದಲ್ಲಿದ್ದ ಸಹಪಾಠಿಯೊಬ್ಬರು ನಕ್ಕು, “ಇತಿಹಾಸ ಓದುವವರಿಗೆ ಬೇರೆ ವಿಷಯವೇ ಸಿಗಲಿಲ್ಲವೆ?” ಎಂದರು. ಅವರು ತೊಟ್ಟಿದ್ದ ಅಂಗಿಯನ್ನೂ ಯಾರೋ ಹೊಲಿದಿದ್ದಾರೆಂದು ಆಗ ನನಗೆ ಹೇಳಲು ತೋಚಲಿಲ್ಲ. ಈಗ ಹೇಳುತ್ತಿದ್ದೇನೆ.

ನಮ್ಮ ಮನೆ ಇರುವುದು ಯಲಹಂಕದ ಹಳೆಯ ಊರಿನಲ್ಲಿ. ಸಂಜೆ ನಾಲ್ಕಾಯಿತೆಂದರೆ ನಮ್ಮ ಬೀದಿಯ ಹಲವು ಹೆಂಗಸರು ಬಾಗಿಲ ಬೆಳಕಿಗೆ ಕುಳಿತು ಸೀರೆಗೆ ಕುಚ್ಚು ಕಟ್ಟುತ್ತಾರೆ. ನನ್ನ ತಾಯಿಯೂ ಅವರಲ್ಲೊಬ್ಬರು. ಹಿಂದೆ ಸೆರಗಿನ ತುದಿಯಲ್ಲಿ ಉಳಿದ ಹಾಸಿನ ಎಳೆಗಳನ್ನೇ ಹುರಿಮಾಡಿ ಗಂಟು ಹಾಕುತ್ತಿದ್ದರಂತೆ. ಆಮೇಲೆ ಬೇರೆ ರೇಷ್ಮೆದಾರ ಸೇರಿಸಿ ಕಟ್ಟುವುದು ಬಂತು, ಮಣಿ ಬಂತು, ಈಗ ಕ್ರೋಷಾ ಕಡ್ಡಿಯಿಂದ ಹೆಣೆದ ಕುಚ್ಚು ಬಂದಿದೆ. ಈ ಒಂದೊಂದು ಹೊಸತನ್ನೂ ಅಮ್ಮ ಕಲಿತದ್ದು ಗಿರಾಕಿ ಕೇಳಿದ ಮೇಲೆ, ಗಿರಾಕಿಯ ಸೀರೆಯ ಮೇಲೆಯೇ. ತಪ್ಪಿದರೆ ರಾತ್ರಿ ಕುಳಿತು ಬಿಚ್ಚುವುದು, ಬೆಳಗಾಗುವುದರೊಳಗೆ ಮತ್ತೆ ಕಟ್ಟುವುದು.

ಹೋದ ವರ್ಷ ನನಗೂ ಹೊಸದೊಂದನ್ನು ಮಾಡುವ ಹುಮ್ಮಸ್ಸು ಬಂತು. ಆರಿ ಎಂಬುದು ತುದಿಯಲ್ಲಿ ಪುಟ್ಟ ಕೊಕ್ಕೆಯಿರುವ ಸೂಜಿ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ದಾರವನ್ನು ಅಡಿಯಲ್ಲಿ ಒಂದು ಕೈಯಿಂದ ಹಿಡಿದು, ಮೇಲಿನಿಂದ ಕೊಕ್ಕೆ ಇಳಿಸಿ ದಾರವನ್ನು ಮೇಲಕ್ಕೆಳೆಯುತ್ತ ಹೋದರೆ ಸರಪಳಿ ಹೊಲಿಗೆ ಮೂಡುತ್ತದೆ. ಮೂರು ಸಂಜೆ ಫೋನಿನಲ್ಲಿ ನೋಡಿದೆ. ನಾಲ್ಕನೆಯ ದಿನ ನೆರೆಯವರೊಬ್ಬರ ಮದುವೆಯ ರವಿಕೆಯನ್ನು ಧೈರ್ಯವಾಗಿ ಒಪ್ಪಿಕೊಂಡೆ. ತೋಳಿಗೂ ಬೆನ್ನಿಗೂ ಮಣಿಸಾಲು ಹಾಕಿದೆ. ನೋಡಿದವರೆಲ್ಲ ಹೊಗಳಿದರು.

ಆದರೆ ಸರಪಳಿ ಹೊಲಿಗೆಗೆ ಒಂದು ಗುಣವುಂಟು. ಕೊನೆಯ ಕುಣಿಕೆಯನ್ನು ಭದ್ರಪಡಿಸದಿದ್ದರೆ, ತುದಿಯನ್ನು ಎಳೆದೊಡನೆ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತದೆ. ಧಾರೆಯ ಹೊತ್ತಿಗೆ ಒಂದು ತೋಳಿನ ಎಳೆ ಬಳೆಗೆ ಸಿಕ್ಕಿತು. ಮಣಿಗಳೆಲ್ಲ ಮಂಟಪದಲ್ಲಿ ಉರುಳಿದವು. ಆ ರವಿಕೆಯ ಬಟ್ಟೆಯ ಬೆಲೆಯನ್ನು ಅಮ್ಮ ತಮ್ಮ ಎಂಟು ಸೀರೆಗಳ ಕುಚ್ಚಿನ ಕೂಲಿಯಿಂದ ತುಂಬಿಕೊಟ್ಟರು. ನನ್ನನ್ನು ಬೈಯಲಿಲ್ಲ. “ಮೊದಲು ಹಳೇ ಬಟ್ಟೆ ಮೇಲೆ ಹಾಕಿ ನೋಡಬಾರದಾಗಿತ್ತೇನೇ?” ಎಂದರು, ಅಷ್ಟೆ. “ನಮ್ಮನೇಲಿ ಹಳೇ ರೇಷ್ಮೆ ಎಲ್ಲಿದೆಯಮ್ಮ?” ಎಂದೆ. ಅವರಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯಲ್ಲಿ ಹಳೆಯ ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ನೆಲ ಒರೆಸುವ ಬಟ್ಟೆಯಾಗುತ್ತದೆ. ತಪ್ಪು ಮಾಡಿ ಕಲಿಯಲೆಂದು ಎತ್ತಿಟ್ಟ ಬಟ್ಟೆ ಯಾವುದೂ ಇಲ್ಲ.

ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇದನ್ನೇ. ಹೊಸ ಕುಶಲತೆಯ ವಿಷಯ ಬಂದಾಗ ಹಿರಿಯರಲ್ಲಿ ಕೆಲವರು ಹಳೆಯದು ಕೆಟ್ಟಿತೆಂದು ಮರುಗುತ್ತಾರೆ. ನಮ್ಮ ವಯಸ್ಸಿನವರು ನಮಗೆ ಧೈರ್ಯ ಸಾಲದೆನ್ನುತ್ತಾರೆ. ನನಗಂತೂ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತಪ್ಪಲು ಜಾಗಕ್ಕೆ. ಹಾಡ್ತಾ ಹಾಡ್ತಾ ರಾಗ ಎಂದು ಗಾದೆ ಹೇಳುತ್ತದೆ, ನಿಜ. ಆದರೆ ಮೊದಲ ನಾಲ್ಕು ಅಪಸ್ವರಗಳ ಖರ್ಚನ್ನು ಯಾರು ಹೊರಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಅನುಕೂಲಸ್ಥರ ಮನೆಯಲ್ಲಿ ಕೆಟ್ಟ ಬಟ್ಟೆ ಒಂದು ತಮಾಷೆ. ಕೂಲಿಗೆ ಹೊಲಿಯುವ ಮನೆಯಲ್ಲಿ ಅದು ಸಾಲ.

ಆಮೇಲೆ ಇತಿಹಾಸದ ಪುಸ್ತಕವೇ ನನಗೆ ಸಮಾಧಾನ ಹೇಳಿತು. 1830ರಲ್ಲಿ ಬಾರ್ತೆಲೆಮಿ ತಿಮೊನಿಯೆ ಎಂಬ ಫ್ರಾನ್ಸಿನ ದರ್ಜಿ ಹೊಲಿಗೆ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದನು. ಅದರಲ್ಲಿದ್ದದ್ದು ಕೊಕ್ಕೆಯ ಸೂಜಿ. ಅದು ಹಾಕುತ್ತಿದ್ದದ್ದು ಸರಪಳಿ ಹೊಲಿಗೆ. ಅಂದರೆ ಆರಿಯಂಥ ಕೈಗೆಲಸವನ್ನೇ ಯಂತ್ರ ಅನುಕರಿಸಿತ್ತು. ನನ್ನ ರವಿಕೆಯ ದೋಷವೂ ಅದಕ್ಕಿತ್ತು. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಮೇಲೊಂದು ದಾರ, ಕೆಳಗೊಂದು ದಾರ ಸೇರಿ ಒಂದನ್ನೊಂದು ಬಿಗಿದುಕೊಂಡವು. ಇಂದು ನಮ್ಮ ಮನೆಗಳ ಯಂತ್ರಗಳಲ್ಲಿ ಬೀಳುವುದೂ ಅಂಥ ಹೊಲಿಗೆಯೇ. ದೊಡ್ಡವರ ಯಂತ್ರವೇ ಇಷ್ಟು ತಿದ್ದುಪಡಿ ಕಂಡ ಮೇಲೆ ಮೂರು ಸಂಜೆಯ ನನ್ನ ವಿದ್ಯೆ ಸೋತದ್ದು ಆಶ್ಚರ್ಯವೇನಲ್ಲ.

ಬುದ್ಧಿ ಬಂದ ಮೇಲೆ ಧಾರವಾಡದ ಕಡೆಯ ಕಸೂತಿಯನ್ನು ಕಲಿಯತೊಡಗಿದೆ. ಈ ಬಾರಿ ಗೋಣಿಚೀಲದ ಒಂದು ತುಂಡನ್ನು ಹಿಡಿದೆ. ಕಸೂತಿಗೆ ಗೆರೆ ಬರೆದುಕೊಳ್ಳುವುದಿಲ್ಲ; ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಗೋಣಿಯಲ್ಲಿ ಎಳೆ ಚೆನ್ನಾಗಿ ಕಾಣುತ್ತದೆ, ಕೆಟ್ಟರೆ ಯಾರಿಗೂ ನಷ್ಟವಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಒಂದು ಎಡೆ ಬಿಟ್ಟು ಒಂದು ಎಡೆ ಹೊಲಿಯುತ್ತ ಹೋಗಿ, ಮರಳಿ ಬರುವಾಗ ಬಿಟ್ಟ ಎಡೆಗಳನ್ನು ತುಂಬಬೇಕು. ಗಂಟು ಹಾಕುವಂತಿಲ್ಲ, ಮುಂಭಾಗ ಹಿಂಭಾಗ ಎರಡೂ ಒಂದೇ ಆಗಿ ಕಾಣಬೇಕು. ಆದ್ದರಿಂದ ಮೊದಲ ಹೊಲಿಗೆ ಹಾಕುವಾಗಲೇ ಹಿಂದಿರುಗುವ ದಾರಿ ತಿಳಿದಿರಬೇಕು. ಯುರೋಪಿನಲ್ಲಿಯೂ ಇದೇ ಹೊಲಿಗೆಯಿದೆ. 16ನೆಯ ಶತಮಾನದ ಚಿತ್ರಕಾರ ಹೋಲ್ಬೈನ್‌ನ ಚಿತ್ರಗಳ ಉಡುಪುಗಳಲ್ಲಿ ಕಾಣುವುದರಿಂದ ಅಲ್ಲಿ ಅದಕ್ಕೆ ಅವನದೇ ಹೆಸರು. ನನ್ನ ಮೊದಲ ಗೋಪುರ ಓರೆಯಾಯಿತು, ಎರಡನೆಯದು ಕುಸಿಯಿತು, ಐದನೆಯದು ನಿಂತಿತು. ಅಮ್ಮ ಅದನ್ನು ತಿರುಗಿಸಿ ನೋಡಿ, “ಹಿಂದೂ ಮುಂದೂ ಒಂದೇ ಇದೆಯಲ್ಲೇ!” ಎಂದರು. ಒಂದು ಕಾಸೂ ಖರ್ಚಾಗಿರಲಿಲ್ಲ.

ಚಿಂದಿಯೆಂದು ಹೀಗಳೆಯಬೇಡಿ. ಸಂಡೂರಿನ ಲಂಬಾಣಿ ತಾಯಂದಿರು ಬಟ್ಟೆಯ ತುಂಡುಗಳನ್ನೇ ಜೋಡಿಸಿ, ಕನ್ನಡಿ ಕವಡೆಗಳನ್ನು ಕೂರಿಸಿ ಕಸೂತಿ ಮಾಡುತ್ತ ಬಂದವರು. 2023ರ ಜುಲೈನಲ್ಲಿ ಹಂಪಿಯಲ್ಲಿ ಅವರ ಕೈಯಿಂದಾದ 1,755 ವಸ್ತುಗಳನ್ನು ಪ್ರದರ್ಶಿಸಿದಾಗ ಗಿನ್ನೆಸ್ ದಾಖಲೆಯಾಯಿತು.

ನಮ್ಮ ಕಾಲೇಜಿನಲ್ಲಿ ಒಂದು ಕೋಣೆ, ಎರಡು ಹೊಲಿಗೆ ಯಂತ್ರ, ಒಂದು ಪೆಟ್ಟಿಗೆ ತುಂಬ ಚಿಂದಿ ಬಟ್ಟೆ ಇರಲಿ ಎಂಬುದು ನನ್ನ ಬಿನ್ನಹ. ವಾರಕ್ಕೆರಡು ಸಂಜೆ ಬಾಗಿಲು ತೆರೆದರೆ ಸಾಕು. ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಓದುವವರಿಗೆ ಸೂಜಿಯೇಕೆ ಎಂಬುದು ಮೊದಲನೆಯದು. 12ನೆಯ ಶತಮಾನದ ವಚನಕಾರರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆಯವರಿದ್ದಾರೆ. ಸೂಜಿಗೂ ಸಾಹಿತ್ಯಕ್ಕೂ ಆಗ ಜಗಳವಿರಲಿಲ್ಲ. ಎರಡನೆಯ ಆಕ್ಷೇಪವನ್ನು ಗೆಳತಿಯೊಬ್ಬಳು ಎತ್ತಿದಳು: “ಓದಿ ಹೊರಗೆ ಬಂದ ಹುಡುಗಿಯರನ್ನು ಮತ್ತೆ ಸೂಜಿಗೇ ಕಟ್ಟಿಹಾಕುತ್ತೀಯಾ?” ಈ ಮಾತಿಗೆ ತೂಕವಿದೆ. ಅದಕ್ಕೇ ಆ ಕೋಣೆ ಹುಡುಗರಿಗೂ ಇರಬೇಕೆನ್ನುತ್ತೇನೆ. ಅಂಗಡಿಯಲ್ಲಿ ಹೊಲಿದರೆ ದರ್ಜಿಯ ಕಸುಬು, ಮನೆಯಲ್ಲಿ ಹೊಲಿದರೆ ಹೆಂಗಸರ ಹೊತ್ತುಗಳೆ ಎಂಬ ಭೇದವೂ ಅಲ್ಲಿ ಸ್ವಲ್ಪ ಸವೆಯಲಿ. ನನ್ನ ತಾಯಿ ಎಳೆಗಳನ್ನು ಎಣಿಸುತ್ತಾರೆ, ಮಣಿಗಳನ್ನು ಎಣಿಸುತ್ತಾರೆ; ತಾವು ಕುಳಿತ ಗಂಟೆಗಳನ್ನು ಮಾತ್ರ ಎಂದೂ ಎಣಿಸಿದವರಲ್ಲ. ಒಂದು ಕುಚ್ಚಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕೈಯಾರೆ ತಿಳಿದ ಪದವೀಧರರು ನಾಳೆ ಗಿರಾಕಿಗಳಾದಾಗ ಕೂಲಿಯಲ್ಲಿ ಚೌಕಾಸಿ ಮಾಡಲು ನಾಚುತ್ತಾರೆಂದು ನನ್ನ ನಂಬಿಕೆ.

ಪ್ರಾಂಶುಪಾಲರೂ ಅಧ್ಯಾಪಕ ವರ್ಗದವರೂ ಈ ಸಣ್ಣ ಮಾತನ್ನು ದಯವಿಟ್ಟು ಆಲೋಚಿಸಬೇಕು. ಕೋಣೆ ಸಿಕ್ಕುವುದು ತಡವಾದರೂ ಚಿಂತೆಯಿಲ್ಲ. ಪೆಟ್ಟಿಗೆಯನ್ನು ಇಂದೇ ಇಡಬಹುದು. ಮೊದಲ ಚಿಂದಿಯನ್ನು ನಾನೇ ತಂದು ಹಾಕುತ್ತೇನೆ. ಮಣಿ ಉದುರಿದ ಆ ರವಿಕೆ ಇನ್ನೂ ನಮ್ಮ ಮನೆಯಲ್ಲಿದೆ. ಅದರ ಬೆಲೆ ಆಗಲೇ ಸಂದಿದೆ.